ಒಂದೂ ಪಂದ್ಯ ಸೋಲದ ತಂಡಕ್ಕೆ ಐದನೆಯ ಸ್ಥಾನ!

ನನ್ನ ಖಾಲಾ ಅವರ ಮಗ ಅಮೆರಿಕದಲ್ಲಿ ಓದಿದವರು. ಕಳೆದ ರಜೆಯಲ್ಲಿ ಮನೆಗೆ ಬಂದಾಗ ಅಲ್ಲಿನ ಕಾಲೇಜು ಫುಟ್‌ಬಾಲ್ ಬಗ್ಗೆ ತುಂಬ ಹೇಳಿದರು. ಇದು ನಾವು ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಉದ್ದನೆಯ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. “ಭಾಯಿಜಾನ್, ಪಾಯಿಂಟ್ಸ್ ಟೇಬಲ್ ತೋರಿಸಿ, ಯಾರು ಫಸ್ಟ್ ಅಂತ ನಾನೇ ಹೇಳ್ತೀನಿ” ಎಂದೆ. ಅವರು ನಕ್ಕು, “ಅಲ್ಲಿ ಟೇಬಲ್ ನೋಡಿ ಹೇಳೋಕಾಗಲ್ಲ. ಹದಿಮೂರು ಜನ ಕೂತು ತೀರ್ಮಾನ ಮಾಡ್ತಾರೆ” ಎಂದರು. ಅಕೌಂಟೆನ್ಸಿ ಓದುವ ನನಗೆ ಈ ಮಾತು ಸರಿ ಕಾಣಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಲೆಕ್ಕ ನೋಡೋಣ. ಐಪಿಎಲ್‌ನಲ್ಲಿ 10 ತಂಡಗಳಿವೆ. ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ 14 ಪಂದ್ಯ. ಎಲ್ಲರೂ ಎಲ್ಲರ ಜೊತೆ ಒಮ್ಮೆಯಾದರೂ ಆಡುತ್ತಾರೆ, ಆದ್ದರಿಂದ ಪಾಯಿಂಟ್ಸ್ ಟೇಬಲ್ ನಂಬಬಹುದು. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಸುಮಾರು 130 ತಂಡಗಳಿವೆ. ಎಲ್ಲರೂ ಎಲ್ಲರ ಜೊತೆ ಒಮ್ಮೆ ಆಡಬೇಕಾದರೆ 8,385 ಪಂದ್ಯ ಬೇಕು. ಆದರೆ ಋತುವಿನಲ್ಲಿ ಒಂದು ತಂಡಕ್ಕೆ ಸಿಗುವುದು 12 ಪಂದ್ಯ. ಅಂದರೆ ಒಟ್ಟು ಹೆಚ್ಚು ಕಡಿಮೆ 780. ಹತ್ತು ಜೋಡಿಗಳಲ್ಲಿ ಒಂಬತ್ತು ಜೋಡಿ ತಂಡಗಳು ಮುಖಾಮುಖಿ ಆಗುವುದೇ ಇಲ್ಲ.

ಅದಲ್ಲದೆ ಎಲ್ಲ ಗೆಲುವುಗಳ ಬೆಲೆ ಒಂದೇ ಅಲ್ಲ. ಎರಡು ಅಂಗಡಿಗಳಲ್ಲಿ ತಲಾ ಹತ್ತು ಸಾವಿರ ರೂಪಾಯಿ ವ್ಯಾಪಾರವಾದರೆ ಲಾಭವೂ ಒಂದೇ ಎಂದು ಹೇಳಲಾಗದು ಎಂಬುದು ನಮಗೆ ಗೊತ್ತು. ಹಾಗೆಯೇ ದುರ್ಬಲ ತಂಡಗಳ ಎದುರು ಹನ್ನೆರಡು ಗೆಲುವು ದೊಡ್ಡದೋ, ಬಲಿಷ್ಠ ತಂಡಗಳ ಎದುರು ಹನ್ನೊಂದು ಗೆಲುವು ದೊಡ್ಡದೋ?

ಇದಕ್ಕೆ ಅಮೆರಿಕನ್ನರು ಬೇರೆ ಬೇರೆ ದಾರಿ ಹುಡುಕಿದ್ದಾರೆ. 1936ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕ್ರೀಡಾ ಪತ್ರಕರ್ತರ ಮತ ಪಡೆದು ಪಟ್ಟಿ ಮಾಡುವುದನ್ನು ಆರಂಭಿಸಿತು. ಈಗ ಪ್ರತಿ ಪತ್ರಕರ್ತ 25 ತಂಡಗಳನ್ನು ಬರೆಯುತ್ತಾರೆ. ಮೊದಲನೆಯದಕ್ಕೆ 25 ಅಂಕ, ಎರಡನೆಯದಕ್ಕೆ 24, ಕೊನೆಯದಕ್ಕೆ 1. ಎಲ್ಲವನ್ನೂ ಕೂಡಿಸಿದರೆ ರ‍್ಯಾಂಕ್ ಪಟ್ಟಿ ಸಿದ್ಧ.

1998ರಲ್ಲಿ ಜನರ ಮತದ ಜೊತೆಗೆ ಕಂಪ್ಯೂಟರ್ ಲೆಕ್ಕವನ್ನೂ ಸೇರಿಸಿ ಒಂದು ಸೂತ್ರ ಮಾಡಿದರು. ಅದರಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ಫೈನಲ್. 2003ರಲ್ಲಿ ಪತ್ರಕರ್ತರ ಪಟ್ಟಿಯಲ್ಲೂ ತರಬೇತುದಾರರ ಪಟ್ಟಿಯಲ್ಲೂ ಮೊದಲಿದ್ದ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಸೂತ್ರದ ಪ್ರಕಾರ ಮೂರನೆಯದಾಗಿ ಹೊರಗುಳಿಯಿತು! ಫೈನಲ್ ಗೆದ್ದ ಲೂಯಿಸಿಯಾನ ಸ್ಟೇಟ್ ಒಬ್ಬ ಚಾಂಪಿಯನ್, ಪತ್ರಕರ್ತರು ಆರಿಸಿದ ಸದರ್ನ್ ಕ್ಯಾಲಿಫೋರ್ನಿಯಾ ಇನ್ನೊಬ್ಬ ಚಾಂಪಿಯನ್. ಮರುವರ್ಷ ಸೂತ್ರವನ್ನೇ ಬದಲಿಸಿ ಮೂರರಲ್ಲಿ ಎರಡು ಪಾಲು ತೂಕವನ್ನು ಜನರ ಮತಕ್ಕೆ ಕೊಟ್ಟರು. ನಾವು ತರಗತಿಯಲ್ಲಿ ಮಾಡುವ ವೆಯ್ಟೆಡ್ ಆವರೇಜ್ ಇದೇ. ಅಂಕಿಗಳು ಅವೇ ಇದ್ದರೂ ವೆಯ್ಟ್ ಬದಲಾದರೆ ಉತ್ತರ ಬದಲಾಗಬಹುದು. ವೆಯ್ಟ್ ನಿರ್ಧರಿಸುವವರು ಮಾತ್ರ ಮನುಷ್ಯರೇ.

2014ರಿಂದ 13 ಜನರ ಸಮಿತಿ ಬಂತು. ಅದು ಆರಿಸಿದ ನಾಲ್ಕು ತಂಡಗಳಿಗೆ ಸೆಮಿಫೈನಲ್. ಈ ಸಮಿತಿಗೆ ದೊಡ್ಡ ಪರೀಕ್ಷೆ ಎದುರಾದದ್ದು 2023ರಲ್ಲಿ. ಫ್ಲಾರಿಡಾ ಸ್ಟೇಟ್ ತಂಡ ಆಡಿದ 13 ಪಂದ್ಯಗಳನ್ನೂ ಗೆದ್ದು ತನ್ನ ಗುಂಪಿನ ಚಾಂಪಿಯನ್ ಆಗಿತ್ತು. ಆದರೆ ನವೆಂಬರ್‌ನಲ್ಲಿ ಅದರ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿ ನಡೆಸುವ ಮುಖ್ಯ ಆಟಗಾರ, ಜಾರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡರು. ಅವರಿಲ್ಲದೆಯೂ ತಂಡ ಉಳಿದ ಪಂದ್ಯಗಳನ್ನು ಗೆದ್ದಿತು. ಆದರೂ ಸಮಿತಿ, ಅವರಿಲ್ಲದ ತಂಡ ಮೊದಲಿನಂತಿಲ್ಲ ಎಂದು ಅದಕ್ಕೆ ಐದನೆಯ ಸ್ಥಾನ ಕೊಟ್ಟಿತು. ಒಂದು ಪಂದ್ಯ ಸೋತಿದ್ದ ಅಲಬಾಮಾಗೆ ನಾಲ್ಕನೆಯ ಸ್ಥಾನ ಸಿಕ್ಕಿತು. ನನ್ನ ಕಾಲು ಇನ್ನೂ ಮೊದಲೇ ಮುರಿಯಬಾರದಿತ್ತೇ, ನಾನಿಲ್ಲದೆಯೂ ತಂಡ ಎಷ್ಟು ಗಟ್ಟಿ ಎಂದು ಎಲ್ಲರಿಗೂ ಕಾಣುತ್ತಿತ್ತಲ್ಲ ಎಂಬರ್ಥದಲ್ಲಿ ಟ್ರಾವಿಸ್ ಬರೆದುಕೊಂಡರು. ಅದನ್ನು ಓದಿ ನನಗೆ ತುಂಬ ಬೇಸರವಾಯಿತು.

ಋತುವಿನ ಕೊನೆಯ ಪಂದ್ಯದಲ್ಲಿ ಫ್ಲಾರಿಡಾ ಸ್ಟೇಟ್ ಜಾರ್ಜಿಯಾ ಎದುರು 63–3ರಿಂದ ಸೋತಿತು. ಸಮಿತಿ ಹೇಳಿದ್ದೇ ಸರಿ ಎಂದು ಕೆಲವರು ಅಂದರು. ಆದರೆ ಆ ಪಂದ್ಯದಲ್ಲಿ ತಂಡದ 20ಕ್ಕೂ ಹೆಚ್ಚು ಆಟಗಾರರು ಆಡಿರಲಿಲ್ಲ. ಹಾಗಾಗಿ ಅದರಿಂದಲೂ ಏನೂ ಸಾಬೀತಾಗಲಿಲ್ಲ.

ನನಗೆ ಅರ್ಥವಾದದ್ದು ಇಷ್ಟು. ಇಲ್ಲಿ ಪ್ರಶ್ನೆಗಳು ಎರಡು. ನಾಳೆ ಆಡಿದರೆ ಯಾರು ಗೆಲ್ಲಬಹುದು ಎಂಬುದು ಒಂದು. ಇಲ್ಲಿಯವರೆಗೆ ಮಾಡಿದ್ದಕ್ಕೆ ಯಾರು ಅರ್ಹರು ಎಂಬುದು ಇನ್ನೊಂದು. ಸಮಿತಿ ಮೊದಲನೆಯದಕ್ಕೆ ಉತ್ತರ ಕೊಟ್ಟಿತು, ಆಟಗಾರರು ಎರಡನೆಯದನ್ನು ನಂಬಿ ಆಡಿದ್ದರು. 2024ರಿಂದ ತಂಡಗಳ ಸಂಖ್ಯೆ ನಾಲ್ಕರಿಂದ 12ಕ್ಕೆ ಏರಿದೆ. ಗುಂಪುಗಳ ಚಾಂಪಿಯನ್‌ಗಳಿಗೆ ಐದು ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಗೆದ್ದರೆ ಏನು ಸಿಗುತ್ತದೆ ಎಂಬುದು ಈಗ ಸ್ವಲ್ಪವಾದರೂ ಮೊದಲೇ ಗೊತ್ತಿರುತ್ತದೆ. ಜಗಳ ಮಾತ್ರ ನಾಲ್ಕು-ಐದನೆಯ ಸ್ಥಾನದಿಂದ ಹನ್ನೆರಡು-ಹದಿಮೂರಕ್ಕೆ ಇಳಿದಿದೆ ಎಂದು ಭಾಯಿಜಾನ್ ನಗುತ್ತಾರೆ.

ಹೈಸ್ಕೂಲಿನಲ್ಲಿ ಇಡೀ ತರಗತಿಗೆ ಹೆಚ್ಚು ಅಂಕ ನನ್ನದಾಗಿದ್ದರೂ ವರ್ಷದ ಉತ್ತಮ ವಿದ್ಯಾರ್ಥಿನಿ ಬಹುಮಾನ ನನ್ನ ಗೆಳತಿಗೆ ಬಂತು. ಆಟ, ಭಾಷಣ ಎಲ್ಲವನ್ನೂ ನೋಡಿದೆವು ಎಂದು ಆಮೇಲೆ ಹೇಳಿದರು. ಅವಳು ಅರ್ಹಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲೇ ಹೇಳಿದ್ದರೆ ನಾನೂ ಒಮ್ಮೆ ವೇದಿಕೆ ಹತ್ತುತ್ತಿದ್ದೆ. ಅಮ್ಮಿ ಅಂದು, “ಹೋಗಲಿ ಬಿಡು ಬೇಟಾ” ಎಂದರು. ಬಿಟ್ಟೆ, ಆದರೆ ಮರೆತಿಲ್ಲ.

ನಮ್ಮ ಕಾಲೇಜಿನಲ್ಲೂ ವಾರ್ಷಿಕೋತ್ಸವ ಹತ್ತಿರ ಬರುತ್ತಿದೆ. ಬಹುಮಾನ ಯಾರಿಗೆ ಎಂಬುದನ್ನು ಗುರುಗಳೇ ತೀರ್ಮಾನಿಸಲಿ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಮಾತ್ರ ಮೊದಲೇ ನೋಟಿಸ್ ಬೋರ್ಡಿಗೆ ಹಾಕಬೇಕೆಂದು ವಿನಂತಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ