ಮೈಕ್ ಆಫ್ ಆದ ಮೇಲೆ ಹಾಡೋದು ಯಾರಿಗೆ?

ಇವತ್ತಿನ ವಿಷಯ ಚರ್ಚ್‌ಗಳ ವರ್ಷಿಪ್ ಲೀಡರ್‌ಗಳು. ಅಂದ್ರೆ, ಭಾನುವಾರದ ಆರಾಧನೆಯಲ್ಲಿ ಮುಂದೆ ನಿಂತು ಇಡೀ ಸಭೆಯನ್ನ ಹಾಡಿಸೋರು.

ಬೆಂಗಳೂರಿನ ಒಂದು ಚರ್ಚ್‌ನಲ್ಲಿ ಹಾಡಿಸೋ ನನ್ನ ಗೆಳೆಯ ಒಮ್ಮೆ ಹೇಳಿದ: "ಮಗಾ, ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಿರ್ತಾರೆ. ನಾನು ಡ್ರಮ್ಮರ್ ಮುಖ ನೋಡ್ತಿರ್ತೀನಿ." ನನಗೆ ನಗು ಬಂತು. ಅವನು ನಗಲಿಲ್ಲ. ಮನೇಲಿ ಬೈಬಲ್ ತೆರೆದ್ರೂ, ಮುಂದಿನ ವಾರದ ಹಾಡಿಗೆ ಇದರಲ್ಲಿ ಏನು ಸಿಗುತ್ತೆ ಅನ್ನೋದೇ ಅವನ ತಲೇಲಿ. ಭಕ್ತಿಯೇ ಕೆಲಸವಾದ್ರೆ ಸ್ವಂತ ಪ್ರಾರ್ಥನೆಗೆ ಜಾಗ ಎಲ್ಲಿ?

ಇದಕ್ಕೆ ಇಂಗ್ಲೆಂಡಿನ ಒಂದು ಕಥೆ ಕೇಳಿ. 1990ರ ದಶಕದ ಕೊನೆ ಭಾಗ. ವಾಟ್‌ಫರ್ಡ್‌ನ ಸೋಲ್ ಸರ್ವೈವರ್ ಚರ್ಚ್. ಹಾಡುಗಳಲ್ಲಿ ಜೀವ ಇಲ್ಲ ಅನ್ನಿಸಿ, ಪಾಸ್ಟರ್ ಮೈಕ್ ಪಿಲವಾಚಿ ಕೆಲಕಾಲ ಬ್ಯಾಂಡು, ಸೌಂಡ್ ಸಿಸ್ಟಮ್ ಎರಡನ್ನೂ ತೆಗೆಸಿಬಿಟ್ರು. ದೇವರಿಗೆ ಅರ್ಪಿಸೋಕೆ ನೀವು ಏನು ತಂದಿದ್ದೀರಿ ಅಂತ ಕೇಳಿದ್ರು. ಮೊದಮೊದಲು ಬರೀ ಮೌನ, ಮುಜುಗರ. ಆಮೇಲೆ ಜನ ವಾದ್ಯ ಇಲ್ಲದೆ ಹಾಡೋಕೆ, ಮನಸ್ಸು ಬಿಚ್ಚಿ ಪ್ರಾರ್ಥಿಸೋಕೆ ಶುರು ಮಾಡಿದ್ರು. ಅಲ್ಲಿನ ವರ್ಷಿಪ್ ಲೀಡರ್ ಮ್ಯಾಟ್ ರೆಡ್‌ಮನ್ ತಮ್ಮ ರೂಮಲ್ಲಿ ಕೂತು, ತಮಗೋಸ್ಕರ ಒಂದು ಪ್ರಾರ್ಥನೆ ಬರೆದ್ರು. ಅದೇ 'ದಿ ಹಾರ್ಟ್ ಆಫ್ ವರ್ಷಿಪ್'. ಬೆಂಗಳೂರಿನ ಇಂಗ್ಲಿಷ್ ಆರಾಧನೆಗಳಲ್ಲೂ ಅದನ್ನ ಹಾಡ್ತಾರೆ.

ಈಗ ನನ್ನ ಬಿ.ಕಾಂ ಬುದ್ಧಿ. ಹೊರದೇಶದ ಎಷ್ಟೋ ಚರ್ಚ್‌ಗಳು ಸಿಸಿಎಲ್‌ಐ ಅನ್ನೋ ಸಂಸ್ಥೆಗೆ ಲೈಸೆನ್ಸ್ ಶುಲ್ಕ ಕಟ್ತವೆ, ಯಾವ ಹಾಡು ಬಳಸಿದ್ವಿ ಅಂತ ವರದಿ ಕೊಡ್ತವೆ. ಬರೆದವರಿಗೆ ರಾಯಲ್ಟಿ ಹೋಗುತ್ತೆ. ತಪ್ಪೇನಿಲ್ಲ, ಹಾಡು ಬರೆಯೋರಿಗೂ ಹೊಟ್ಟೆ ಇದೆ. ಆದ್ರೆ ಎಷ್ಟು ಕಡೆ ಹಾಡಿದ್ರು ಅನ್ನೋದಕ್ಕೆ ಲೆಕ್ಕ ಇದೆ. ಹಾಡಿಸೋರ ಒಳಗೆ ಏನಾಗ್ತಿದೆ ಅನ್ನೋದಕ್ಕೆ ಇಲ್ಲ.

ಕಥೆ ಇಲ್ಲಿಗೆ ಮುಗಿಯಲ್ಲ. 2023ರಲ್ಲಿ ಪಿಲವಾಚಿ ರಾಜೀನಾಮೆ ಕೊಟ್ರು. ಆಧ್ಯಾತ್ಮಿಕ ಅಧಿಕಾರ ಬಳಸಿ ಅವರು ಜನರನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ರು ಅಂತ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಚರ್ಚ್ ಆಫ್ ಇಂಗ್ಲೆಂಡ್‌ನ ತನಿಖೆ ಹೇಳಿತು. ನೊಂದವರಲ್ಲಿ ತಾವೂ ಒಬ್ಬರು ಅಂತ ರೆಡ್‌ಮನ್ ಬಹಿರಂಗವಾಗಿ ಹೇಳಿಕೊಂಡ್ರು.

ಹಾಗಾದ್ರೆ ಆ ಹಾಡು ಸುಳ್ಳಾ? ನನಗೆ ಹಾಗನ್ನಿಸಲ್ಲ. ಸಭೆಗೆ ಕೇಳಿದ ಪ್ರಶ್ನೆ ಸರಿಯಾಗೇ ಇತ್ತು. ಕೇಳಿದವರನ್ನ ಕೇಳೋರು ಇರಲಿಲ್ಲ. ಕಾಮರ್ಸ್‌ನಲ್ಲಿ ನಮಗೆ ಮೊದಲು ಕಲಿಸೋದೇ ಇದು: ಲೆಕ್ಕ ಬರೆದವನೇ ಆಡಿಟ್ ಮಾಡಬಾರದು. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಅನ್ನುತ್ತೆ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ. ಅದು ಬೇಕು. ಜೊತೆಗೆ, "ನಿಜವಾಗ್ಲೂ ಹೇಗಿದ್ದೀಯಾ?" ಅಂತ ಕೇಳೋ ಒಬ್ಬರೂ ಬೇಕು. ಅವರು ಬಾಸ್ ಆಗಿರಬಾರದು, ಅಭಿಮಾನಿಯೂ ಆಗಿರಬಾರದು.

ನನ್ನ ಗೆಳೆಯ ಈಗ ತಿಂಗಳಿಗೊಂದು ಭಾನುವಾರ ಸ್ಟೇಜ್ ಹತ್ತಲ್ಲ. ಕೊನೇ ಬೆಂಚಲ್ಲಿ ಕೂತು ಹಾಡ್ತಾನೆ. "ಶ್ರುತಿ ತಪ್ಪಿದ್ರೂ ಯಾರೂ ತಿರುಗಿ ನೋಡಲ್ಲ ಕಣೋ, ಎಷ್ಟು ಹಗುರ ಗೊತ್ತಾ?" ಅಂದ.

ಮುಂದಿನ ವಾರ ಸಿಗೋಣ.