ಡ್ರಾಫ್ಟ್ ದಿನದ ಬೈಗುಳ

ಐಪಿಎಲ್ ಹರಾಜಿನ ದಿನ "ಇವನನ್ನ ಯಾಕಪ್ಪಾ ತಗೊಂಡ್ರು?" ಅಂತ ನಾವು ತಲೆ ಚಚ್ಚಿಕೊಳ್ತೀವಲ್ಲ, ಅಮೆರಿಕನ್ ಫುಟ್‌ಬಾಲ್ ಅಭಿಮಾನಿಗಳಿಗೆ ಅಂಥ ದಿನ 'ಡ್ರಾಫ್ಟ್'. ಅಲ್ಲಿ ಹರಾಜಿಲ್ಲ, ಸರದಿ ಇದೆ. ಹಿಂದಿನ ವರ್ಷ ಕೊನೆಗೆ ಬಿದ್ದ ತಂಡಕ್ಕೆ ಕಾಲೇಜು ಆಟಗಾರರಲ್ಲಿ ಮೊದಲ ಆಯ್ಕೆ, ಚಾಂಪಿಯನ್‌ಗೆ ಕೊನೆಯದು. ಹೀಗೆ 7 ಸುತ್ತು. ಬೇಕಾದರೆ ತಂಡಗಳು ಸರದಿಯನ್ನೇ ಅದಲುಬದಲು ಮಾಡಿಕೊಳ್ಳಬಹುದು.

1999ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ 2ನೇ ಸರದಿ ಸಿಕ್ಕಿತು. ಅಭಿಮಾನಿಗಳಿಗೆ ಬೇಕಿದ್ದವನು ಚೆಂಡು ಹಿಡಿದು ಓಡುವ ರಿಕಿ ವಿಲಿಯಮ್ಸ್. ತಂಡ ಆರಿಸಿದ್ದು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಡೊನೊವನ್ ಮೆಕ್‌ನ್ಯಾಬ್‌ನನ್ನು. ನ್ಯೂಯಾರ್ಕ್‌ವರೆಗೂ ಹೋಗಿದ್ದ ಅಭಿಮಾನಿಗಳು ಅವನ ಹೆಸರು ಕೇಳಿದ್ದೇ ತಡ, 'ಬೂ' ಅಂತ ಕೂಗಿದರು. ಆ ಹುಡುಗನ ಬದುಕಿನ ದೊಡ್ಡ ದಿನ ಅದು.

ಇತ್ತ ವಿಲಿಯಮ್ಸ್‌ಗಾಗಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಆ ವರ್ಷದ ತನ್ನ ಸರದಿಗಳನ್ನೆಲ್ಲ ಕೊಟ್ಟುಬಿಟ್ಟಿತು, ಜೊತೆಗೆ ಮುಂದಿನ ವರ್ಷದ ಎರಡು. ಅವನು ಅಲ್ಲಿ ಆಡಿದ್ದು ಮೂರೇ ವರ್ಷ. ಮೆಕ್‌ನ್ಯಾಬ್ 2004ರ ಋತುವಿನಲ್ಲಿ ಈಗಲ್ಸ್ ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದ. ಗೆಲ್ಲಲಿಲ್ಲ, ನಿಜ. ಆದರೂ 2013ರಲ್ಲಿ ತಂಡ ಅವನ 5ನೇ ನಂಬರ್ ಜೆರ್ಸಿಯನ್ನು ಇನ್ಯಾರಿಗೂ ಕೊಡದೆ ಎತ್ತಿಟ್ಟಿತು.

ಅಭಿಮಾನಿಗಳು ನೋಡಿದ್ದು ಹೆಸರು, ತಂಡ ನೋಡಿದ್ದು ತನಗೆ ಬೇಕಾದ ಜಾಗ. ಯಾರು ಸರಿ ಅಂತ ಗೊತ್ತಾಗೋಕೆ ವರ್ಷಗಳೇ ಬೇಕು. ಪ್ಲೇಸ್‌ಮೆಂಟಿನ ಮೊದಲ ಲಿಸ್ಟ್ ನೋಡಿ ರೂಮ್‌ಮೇಟ್ ಭವಿಷ್ಯ ಹೇಳೋ ನಾವು ಇದನ್ನ ನೆನಪಿಟ್ಟುಕೊಂಡರೆ ಒಳ್ಳೇದು.