ಹೂಮಳೆಗೂ ಮುಂಗಾರಿಗೂ ನಡುವೆ

ವನ್ಯಜೀವಿ ವಿಜ್ಞಾನ, ಅರಣ್ಯಶಾಸ್ತ್ರ, ಪರಿಸರ ವಿಜ್ಞಾನ ಮೊದಲಾದ ವಿಷಯಗಳಲ್ಲಿ ಸ್ನಾತಕೋತ್ತರ ಪದವಿಗೆ ಓದುವ ವಿದ್ಯಾರ್ಥಿಗಳು ರಜೆಯ ಕೆಲವು ವಾರಗಳನ್ನು ಸಂಶೋಧನಾ ಸಂಸ್ಥೆಯೊಂದರ, ಅರಣ್ಯ ಇಲಾಖೆಯ ಅಥವಾ ಸ್ವಯಂಸೇವಾ ಸಂಘಟನೆಯೊಂದರ ಕೆಲಸದಲ್ಲಿ ಕಳೆದು, ಅಲ್ಲಿ ಕಂಡದ್ದನ್ನೂ ಕಲಿತದ್ದನ್ನೂ ಬರೆದು ಒಪ್ಪಿಸುವ ಪದ್ಧತಿಯನ್ನು ಬೇಸಿಗೆ ಕ್ಷೇತ್ರ ತರಬೇತಿ ಎನ್ನುತ್ತಾರೆ. ಮಲೆನಾಡಿನ ಹಳ್ಳಿಗಳಿಗೆ ಇದರ ಸೋದರ ಪದ್ಧತಿಯೊಂದು ಮೊದಲಿನಿಂದಲೂ ಪರಿಚಿತ. ಕೃಷಿ ಮತ್ತು ತೋಟಗಾರಿಕೆ ಪದವಿಯ ಕೊನೆಯ ವರ್ಷದವರು ಹಳ್ಳಿಯಲ್ಲೇ ಬಿಡಾರ ಹೂಡಿ ರೈತರ ಜೊತೆ ದುಡಿಯುವ ಗ್ರಾಮೀಣ ಕಾರ್ಯಾನುಭವ ಶಿಬಿರಗಳನ್ನು, 1991ರಲ್ಲಿ ಆರಂಭವಾದ ಮೂಡಿಗೆರೆಯ ತೋಟಗಾರಿಕಾ ಮಹಾವಿದ್ಯಾಲಯದ ದೆಸೆಯಿಂದ ಈ ಸೀಮೆಯವರು ಚೆನ್ನಾಗಿ ಬಲ್ಲರು. ಅಲ್ಲಿ ವಿದ್ಯಾರ್ಥಿಯ ಗಮನ ಬೆಳೆಯ ಮೇಲಿದ್ದರೆ, ಸಂರಕ್ಷಣೆಯ ವಿದ್ಯಾರ್ಥಿಯ ಗಮನ ಬೆಳೆಯ ನಡುವೆ ಬೆಳೆಯಲ್ಲದೆ ಉಳಿದುಕೊಂಡಿರುವ ಎಲ್ಲದರ ಮೇಲಿರುತ್ತದೆ.

ಇಂಥ ಅಧ್ಯಯನಕ್ಕೆ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಹೋಬಳಿಯಷ್ಟು ಒದಗಿಬರುವ ನೆಲ ವಿರಳ. ಬಲ್ಲಾಳರಾಯನ ದುರ್ಗದ ಮಗ್ಗುಲಲ್ಲಿರುವ ಜಾವಳಿಯ ಬಳಿ ಹುಟ್ಟುವ ಹೇಮಾವತಿ ಈ ಸೀಮೆಯ ಗದ್ದೆ ತೋಟಗಳ ನಡುವೆ ಹರಿದು ಹಾಸನ ಜಿಲ್ಲೆಯನ್ನು ಸೇರುತ್ತದೆ. ಪಶ್ಚಿಮಕ್ಕೆ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನವಿದ್ದರೆ, ಉತ್ತರಕ್ಕೆ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯವಿದೆ. ಕುದುರೆಮುಖ ಉದ್ಯಾನವಾದ ಹಿನ್ನೆಲೆಯಲ್ಲಿಯೂ ಒಂದು ಕ್ಷೇತ್ರಕಾರ್ಯವಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಸಿಂಗಳೀಕಗಳು ಎಲ್ಲೆಲ್ಲಿ ಉಳಿದಿವೆ ಎಂದು 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕಾಡು ಸುತ್ತಿ ನಡೆಸಿದ ಸಮೀಕ್ಷೆ ಆ ಘೋಷಣೆಗೆ ಆಧಾರ ಒದಗಿಸಿತು. ಅದೇ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅವುಗಳಲ್ಲಿ ಒಂದಾಯಿತು. ಆದರೆ ಈ ಎರಡು ರಕ್ಷಿತ ಕಾಡುಗಳ ನಡುವೆ ಮತ್ತು ಆಚೆ ಈಚೆ ಹಬ್ಬಿರುವ ನೆಲದ ಬಹುಭಾಗ ಕಾಫಿ ತೋಟ. ಅಲ್ಲಿ ಹಕ್ಕಿಯ, ಕಪ್ಪೆಯ, ಆನೆಯ ಭವಿಷ್ಯವನ್ನು ತೀರ್ಮಾನಿಸುವವರು ತೋಟದ ಒಡೆಯರು ಮತ್ತು ಅಲ್ಲಿ ದುಡಿಯುವವರೇ ಹೊರತು ಇಲಾಖೆಯ ಕಡತವಲ್ಲ.

ವಿದ್ಯಾರ್ಥಿಗಳು ಬರುವ ದಾರಿಗಳು ಹಲವು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ 1988ರಲ್ಲಿ ವನ್ಯಜೀವಿ ವಿಜ್ಞಾನದ ಸ್ನಾತಕೋತ್ತರ ತರಗತಿಯನ್ನು ಆರಂಭಿಸಿತು; ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಅಂಥದೇ ತರಗತಿ 2004ರಲ್ಲಿ ಮೊದಲಾಯಿತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಶಿರಸಿ, ಪೊನ್ನಂಪೇಟೆಗಳ ಅರಣ್ಯ ಮಹಾವಿದ್ಯಾಲಯಗಳೂ ಮಲೆನಾಡಿನ ಒಳಗೇ ಇವೆ. 2005ರಲ್ಲಿ ಸ್ಥಾಪನೆಯಾದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರ ಕಾಳಿಂಗ ಸರ್ಪದ ಅಧ್ಯಯನದಿಂದ ಹೆಸರಾಗಿದ್ದರೆ, ಬಾಳೆಹೊನ್ನೂರಿನ ಬಳಿ 1925ರಿಂದ ನಡೆದು ಬಂದಿರುವ ಕಾಫಿ ಸಂಶೋಧನಾ ಕೇಂದ್ರ ಗಿಡ, ನೆರಳು, ಮಣ್ಣುಗಳ ಬಗ್ಗೆ ಒಂದು ಶತಮಾನದ ತಿಳಿವಳಿಕೆಯನ್ನು ಕೂಡಿಟ್ಟಿದೆ.

ತರಬೇತಿಯ ಕಾಲ ಹೂಮಳೆಗೂ ಮುಂಗಾರಿಗೂ ನಡುವೆ ಬೀಳುವುದು ಒಂದು ಸುಯೋಗ. ಬೇಸಿಗೆಯ ಮೊದಲ ಹದವಾದ ಮಳೆಗೆ ಕಾಫಿಯ ಮೊಗ್ಗುಗಳು ಎಚ್ಚರಗೊಂಡು ಎಂಟು ಹತ್ತು ದಿನಗಳಲ್ಲಿ ಒಟ್ಟಿಗೆ ಅರಳುವುದರಿಂದ ಆ ಮಳೆಗೆ ಹೂಮಳೆಯೆಂದು ಹೆಸರು. ಹೂವು ಎರಡು ಮೂರು ದಿನ ಮಾತ್ರ ನಿಲ್ಲುತ್ತದೆ. ಆ ಎರಡು ಮೂರು ದಿನಗಳಲ್ಲಿ ತೋಟದ ವರ್ಷದ ಲೆಕ್ಕದ ದೊಡ್ಡ ಭಾಗ ತೀರ್ಮಾನವಾಗುತ್ತದೆ. ಅರೇಬಿಕ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು; ರೊಬಸ್ಟಕ್ಕೆ ಬೇರೊಂದು ಗಿಡದ ಪರಾಗ ಬೇಕೇಬೇಕು, ಆದ್ದರಿಂದ ಗಾಳಿಯ ಜೊತೆಗೆ ಜೇನಿನ ನೆರವೂ ಬೇಕು. ಹೆಜ್ಜೇನು, ತುಡುವೆ, ಕೋಲುಜೇನು, ಕುಟುಕದ ನಸರಿ ಜೇನು ಇವುಗಳಲ್ಲಿ ಯಾವುದು ಎಷ್ಟು ಹೊತ್ತಿಗೆ ಎಷ್ಟು ಹೂವಿಗೆ ಭೇಟಿ ಕೊಡುತ್ತದೆ ಎಂದು ಗಡಿಯಾರ ಹಿಡಿದು ಗುರುತು ಹಾಕುವುದು ವಿದ್ಯಾರ್ಥಿಗೆ ಒಪ್ಪಿಸಬಹುದಾದ ಕೆಲಸಗಳಲ್ಲಿ ಅತ್ಯಂತ ಸರಳವಾದದ್ದು, ಆದರೆ ಅತ್ಯಂತ ತಾಳ್ಮೆ ಬೇಡುವಂಥದ್ದು. ಕೊಡಗಿನ ರೊಬಸ್ಟ ತೋಟಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರಾಗಸ್ಪರ್ಶದಲ್ಲಿ ಹೆಜ್ಜೇನಿನ ಪಾತ್ರವೇ ಹಿರಿದೆಂದು ತೋರಿಸಿತು. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ಹಳೆಯ ಮರಗಳಲ್ಲಿ. ಹೀಗಾಗಿ ಒಂದು ಮುದಿ ಮರವನ್ನು ಉಳಿಸುವ ಪ್ರಶ್ನೆ ನೇರವಾಗಿ ಕಾಫಿಯ ಇಳುವರಿಯ ಪ್ರಶ್ನೆಗೆ ಬಂದು ಮುಟ್ಟುತ್ತದೆ.

ಉಳಿದ ಕೆಲಸಗಳಲ್ಲಿ ಮುಖ್ಯವಾದದ್ದು ನೆರಳಿನ ಮರಗಳ ಎಣಿಕೆ. ತೋಟದಲ್ಲಿ ನಿಗದಿತ ಅಳತೆಯ ಚೌಕವನ್ನು ಹಗ್ಗದಿಂದ ಗುರುತಿಸಿ, ಅದರೊಳಗಿನ ಪ್ರತಿ ಮರದ ಸುತ್ತಳತೆಯನ್ನು ಎದೆಯೆತ್ತರದಲ್ಲಿ, ಎಂದರೆ ನೆಲದಿಂದ 1.37 ಮೀಟರ್ ಮೇಲೆ, ಅಳೆದು ಬರೆದುಕೊಳ್ಳುವುದು ಇದರ ಕ್ರಮ. ಹಕ್ಕಿಗಳಿಗಾದರೆ ಮುಂಜಾನೆ ಒಂದು ನೇರ ಗೆರೆಯ ಉದ್ದಕ್ಕೆ ನಿಧಾನವಾಗಿ ನಡೆಯುತ್ತ ಕಂಡದ್ದನ್ನೂ ಕೇಳಿದ್ದನ್ನೂ ದಾಖಲಿಸುತ್ತಾರೆ. ಈ ಗೆರೆಗೆ ಟ್ರಾನ್ಸೆಕ್ಟ್ ಎಂದು ಹೆಸರು. ಇಂಥ ದುಡಿಮೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ, ಕೃತಿ ಕಾರಂತ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಸಂಶೋಧನೆಯೇ ಸಾಕ್ಷಿ. ಕರ್ನಾಟಕದ ಪಶ್ಚಿಮಘಟ್ಟದ 187 ಕಾಫಿ, ಅಡಿಕೆ, ರಬ್ಬರ್ ತೋಟಗಳನ್ನು ಸುತ್ತಿ ಅವರು 204 ಪ್ರಭೇದದ ಹಕ್ಕಿಗಳನ್ನು ಗುರುತಿಸಿದರು. ಮೂರು ಬೆಳೆಗಳಲ್ಲಿ ಹಕ್ಕಿಗಳ ವೈವಿಧ್ಯಕ್ಕೆ ಹೆಚ್ಚು ಆಸರೆಯಾದದ್ದು ಕಾಫಿ.

ಎಣಿಕೆಯಲ್ಲಿ ವಿದ್ಯಾರ್ಥಿಯ ಪುಸ್ತಕಜ್ಞಾನಕ್ಕೆ ಮೊದಲ ಪರೀಕ್ಷೆ ಎದುರಾಗುವುದು ಮರದ ಹೆಸರಿನ ಬಳಿ. ಹೂವಿಲ್ಲದ, ಕಾಯಿಯಿಲ್ಲದ, ಎಲೆ ಕೈಗೆಟುಕದ ಮರವನ್ನು ಪುಸ್ತಕದ ನೆರವಿನಿಂದ ಗುರುತಿಸುವುದು ಕಷ್ಟ. ಹಲವು ವರ್ಷ ಮರಗಸಿ ಮಾಡಿದ ಕೂಲಿಯವರು ತೊಗಟೆಯನ್ನು ಕತ್ತಿಯ ತುದಿಯಿಂದ ಕೊಂಚ ಕೆತ್ತಿ, ಒಳಗಿನ ಬಣ್ಣ ನೋಡಿ, ಮೂಸಿ ಹೆಸರು ಹೇಳಬಲ್ಲರು. ಮರಗಸಿಯೆಂದರೆ ಮುಂಗಾರಿಗೆ ಮುನ್ನ ನೆರಳಿನ ಮರಗಳ ರೆಂಬೆಗಳನ್ನು ಕಡಿದು ಗಿಡಕ್ಕೆ ಬೇಕಾದಷ್ಟೇ ಬೆಳಕು ಬಿಡುವ ಕೆಲಸ. ಯಾವ ಕೊಂಬೆಯನ್ನು ಉಳಿಸಬೇಕು ಎಂಬ ಅದರ ವಿವೇಚನೆಯನ್ನು ಒಂದು ವಿದ್ಯೆಯೆಂದೇ ಕರೆಯಬೇಕು. ಆಲ, ಅತ್ತಿ, ಬಸರಿ, ಗೋಣಿಬೀಡಿನ ಹೆಸರನ್ನು ನೆನಪಿಸುವ ಗೋಣಿ ಮುಂತಾದ ಮರಗಳು ಬೇರೆ ಹಣ್ಣು ಸಿಗದ ತಿಂಗಳುಗಳಲ್ಲೂ ಹಣ್ಣು ಬಿಟ್ಟು ಮಂಗಟ್ಟೆ, ಕುಟ್ರುಹಕ್ಕಿ, ಕೆಂದಳಿಲುಗಳನ್ನು ಸಾಕುತ್ತವೆ. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೆ ನೆಟ್ಟಗೆ ನಿಂತು ಆಸರೆಯಾಗುತ್ತದೆ, ಕಡಿದು ಮಾರುವುದೂ ಸುಲಭ. ಬೆಳೆಗಾರರು ಓಕನ್ನು ನೆಡುವುದು ಪರಿಸರದ ಮೇಲಿನ ಅನಾದರದಿಂದಲ್ಲ, ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಸಂಸಾರ ತೂಗಿಸಲು ಎಂಬುದು ತೋಟದ ಮನೆಯ ಜಗಲಿಯಲ್ಲಿ ಕುಳಿತು ಕೇಳಿದವರಿಗೆ ಅರಿವಾಗುತ್ತದೆ. ಆ ಅರಿವಿಲ್ಲದೆ ಬರೆದ ಸಂರಕ್ಷಣೆಯ ಶಿಫಾರಸು ತೋಟದ ಗೇಟನ್ನೂ ದಾಟುವುದಿಲ್ಲ.

ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಊರಿನವರ ಕಣ್ಣಿಗೆ ದಡ್ಡನಾಗಿ ಕಾಣುವ ಮಂದಣ್ಣನಲ್ಲಿ ಒಬ್ಬ ನಿಸರ್ಗ ವಿಜ್ಞಾನಿಯಿದ್ದಾನೆಂದು ಗುರುತಿಸುವವರು ವಿಜ್ಞಾನಿ ಕರ್ವಾಲೊ. ಕ್ಷೇತ್ರ ತರಬೇತಿಯ ಸಾರವನ್ನು ಆ ಸಂಬಂಧಕ್ಕಿಂತ ಚೆನ್ನಾಗಿ ಯಾವ ಪಠ್ಯಕ್ರಮವೂ ಹೇಳಿಲ್ಲ.

ತರಬೇತಿಯ ಕೊನೆಗೆ ಒಪ್ಪಿಸುವ ಬರಹದಲ್ಲಿ ಎರಡು ಪದರಗಳಿರುತ್ತವೆ. ಅಂಕಿಅಂಶಗಳ ವರದಿ ಒಂದಾದರೆ, ತಾನು ಏನನ್ನು ತಪ್ಪು ತಿಳಿದಿದ್ದೆ, ಯಾರು ತಿದ್ದಿದರು, ಯಾವ ಪ್ರಶ್ನೆ ಕೇಳಬಾರದಿತ್ತು ಎಂದು ವಿದ್ಯಾರ್ಥಿ ತನ್ನನ್ನೇ ವಿಮರ್ಶಿಸಿಕೊಳ್ಳುವ ಅವಲೋಕನ ಮತ್ತೊಂದು. ಅಂಕಗಳೇನೋ ಹೆಚ್ಚಾಗಿ ಮೊದಲನೆಯದಕ್ಕೆ ಬೀಳುತ್ತವೆ, ಬೆಲೆಯುಳ್ಳದ್ದು ಎರಡನೆಯದು. ಆನೆಯ ವಿಷಯದಲ್ಲಿ ಇದು ಸ್ಪಷ್ಟವಾಗಿ ತೋರುತ್ತದೆ. ಮೂಡಿಗೆರೆ, ಸಕಲೇಶಪುರ, ಬೇಲೂರು ಸೀಮೆಯಲ್ಲಿ ಆನೆಗಳು ತೋಟಗಳಲ್ಲೇ ಹಗಲು ಕಳೆಯುವುದರಿಂದ ಬೆಳಗಿನ ಕೆಲಸಕ್ಕೆ ಹೊರಟವರು ಜೀವ ಕಳೆದುಕೊಂಡ ಪ್ರಸಂಗಗಳಿವೆ. 2022ರಲ್ಲಿ ಸರ್ಕಾರ ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆಗಳನ್ನು ರಚಿಸಬೇಕಾಯಿತು. ತರಗತಿಯಲ್ಲಿ ಮಾನವ–ವನ್ಯಜೀವಿ ಸಂಘರ್ಷವೆಂಬ ಒಂದು ಶೀರ್ಷಿಕೆಯಾಗಿದ್ದದ್ದು, ತೋಟದ ಕೂಲಿಯವರು ವಾಸಿಸುವ ಇಲ್ಲಿನ ಲೈನ್‌ಮನೆಗಳ ಹೆಂಗಸರ ಪಾಲಿಗೆ ಬೆಳಿಗ್ಗೆ ಯಾವ ದಾರಿಯಲ್ಲಿ ಕೆಲಸಕ್ಕೆ ಹೋಗಬೇಕೆಂಬ ನಿತ್ಯದ ನಿರ್ಧಾರ. ಈ ಅಂತರವನ್ನು ಕಂಡುಕೊಂಡ ವಿದ್ಯಾರ್ಥಿ ಮುಂದೆ ಅಧಿಕಾರಿಯಾದರೂ ಸಂಶೋಧಕನಾದರೂ ಬೇರೆಯೇ ರೀತಿಯಲ್ಲಿ ಕೆಲಸ ಮಾಡುತ್ತಾನೆ.

ಕೊರತೆ ಇರುವುದು ಈ ಬರಹಗಳ ಮುಂದಿನ ಗತಿಯಲ್ಲಿ. ಇಂಗ್ಲಿಷಿನಲ್ಲಿ ಬರೆದು, ರಟ್ಟು ಹಾಕಿಸಿ, ವಿಭಾಗದ ಕಪಾಟು ಸೇರಿದ ಮೇಲೆ ಅವು ಮರದ ಹೆಸರು ಹೇಳಿಕೊಟ್ಟವರ ಕೈಗೆ ಮರಳುವುದು ಅಪರೂಪ. ಮರಳಿಸಲು ದಾರಿ ಇಲ್ಲವೆನ್ನುವಂತಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಮತ್ತು ಅದರಡಿಯ ನಿಯಮಗಳು ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದೂ, ಆ ಸಮಿತಿ ಊರಿನ ಗಿಡ, ಪ್ರಾಣಿ ಮತ್ತು ಅವುಗಳ ಕುರಿತ ಜನರ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡಬೇಕೆಂದೂ ವಿಧಿಸಿವೆ. ಈ ದಾಖಲೆಯ ಕಲ್ಪನೆ 1990ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ನೇತೃತ್ವದಲ್ಲಿ ರೂಪುಗೊಂಡಾಗ ಕಾಲೇಜು ಅಧ್ಯಾಪಕರೂ ವಿದ್ಯಾರ್ಥಿಗಳೂ ಅದರ ಬೆನ್ನೆಲುಬಾಗಿದ್ದರು. ಕುದುರೆಮುಖದ ಪಶ್ಚಿಮ ತಪ್ಪಲಿನ ಮಾಳ ಗ್ರಾಮ ಮೊದಲ ಪ್ರಯೋಗಗಳು ನಡೆದ ಊರುಗಳಲ್ಲೊಂದು. ಮುಂದೆ ರಾಷ್ಟ್ರೀಯ ಹಸಿರು ನ್ಯಾಯಪೀಠ 2020ರ ಜನವರಿಯ ಗಡುವು ವಿಧಿಸಿದಾಗ ದೇಶದ ಅನೇಕ ಕಡೆ ಇವು ಅವಸರದಲ್ಲಿ ಸಿದ್ಧವಾದವು. ಅವಸರದ ಆ ಪುಟಗಳನ್ನು ತುಂಬಿಸಲು ಬೇಸಿಗೆಯ ಕ್ಷೇತ್ರ ಟಿಪ್ಪಣಿಗಳಿಗಿಂತ ತಕ್ಕ ಸಾಮಗ್ರಿ ಬೇರೆ ಸಿಗಲಾರದು.

ಆದ್ದರಿಂದ ವಿಶ್ವವಿದ್ಯಾಲಯಗಳ ವಿಭಾಗಗಳು ಒಂದು ನಿಯಮವನ್ನು ಸೇರಿಸಿಕೊಳ್ಳಲಿ: ವರದಿಯ ಜೊತೆಗೆ ಹತ್ತು ಪುಟಗಳ ಕನ್ನಡ ಪ್ರತಿಯೊಂದು ಸಿದ್ಧವಾಗಲಿ, ಅದರಲ್ಲಿ ಮರ, ಹಕ್ಕಿ, ಜೇನುಗಳ ಊರಿನ ಹೆಸರುಗಳಿರಲಿ, ಹೇಳಿಕೊಟ್ಟವರು ಒಪ್ಪಿದರೆ ಅವರ ಹೆಸರೂ ಇರಲಿ. ಮುಂಗಾರು ಹಿಡಿಯುವ ಮುನ್ನ ಆ ಪ್ರತಿ ತೋಟದ ಮನೆಗೂ ಗ್ರಾಮ ಪಂಚಾಯಿತಿಯ ಸಮಿತಿಗೂ ತಲುಪಲಿ.